ಹೈಬ್ರಿಡ್ ಕಾರಿನ ಮೈಲೇಜ್: ಬ್ಯಾಟರಿ ಬಾವಿಯಲ್ಲ, ಬಿಂದಿಗೆ

ಪೆಟ್ರೋಲ್ ಎಂಜಿನ್ ಜೊತೆ ವಿದ್ಯುತ್ ಮೋಟಾರೂ ಇರುವ ಹೈಬ್ರಿಡ್ ಕಾರು ತಂದ ಮನೆಯಲ್ಲಿ ಮೊದಲ ತಿಂಗಳು ಮುಗಿಯುವ ಹೊತ್ತಿಗೆ ಒಂದು ಮಾತು ಎದ್ದೇ ಏಳುತ್ತದೆ: "ಶೋರೂಮಿನಲ್ಲಿ 27 ಅಂದಿದ್ದರು, ನಮಗೆ 18 ಬರ್ತಿದೆಯಲ್ಲ?" ನಮ್ಮ ಮನೆಯಲ್ಲೂ ಎದ್ದಿತ್ತು. ಗಾಡಿ ಸರಿ ಇಲ್ಲವೇನೋ ಎಂದು ಸರ್ವಿಸ್‌ಗೆ ಕೊಟ್ಟು ನೋಡಿಸಿದ್ದೂ ಆಯಿತು. ಗಾಡಿಯಲ್ಲಿ ಏನೂ ದೋಷ ಇರಲಿಲ್ಲ. ಇಪ್ಪತ್ತು ವರ್ಷ ಗೇರಿನ ಕಾರು ಓಡಿಸಿದ ನನ್ನ ಕಾಲಿಗೆ ಹೊಸ ಪಾಠ ಬೇಕಿತ್ತು, ಅಷ್ಟೆ. ನಾಲ್ಕೈದು ತಿಂಗಳಲ್ಲಿ ಆ ಪಾಠ ಕಾಲಿಗೆ ಹತ್ತಿತು. ಅದೇ ಗಾಡಿ, ಅದೇ ಹೊರವರ್ತುಲ ರಸ್ತೆ, ಅದೇ ಟ್ರಾಫಿಕ್ಕು, ಮೈಲೇಜ್ ಮಾತ್ರ 23ರ ಹತ್ತಿರ ಬಂದು ನಿಂತಿತು. ಕಲಿತದ್ದನ್ನು ಇಲ್ಲಿ ಕ್ರಮವಾಗಿ ಬರೆಯುತ್ತಿದ್ದೇನೆ.

ಶೋರೂಮಿನ ಸಂಖ್ಯೆಯ ಬಗ್ಗೆ ಮೊದಲೇ ಹೇಳಿಬಿಡುತ್ತೇನೆ. ಮಾರುತಿ ಗ್ರ್ಯಾಂಡ್ ವಿಟಾರಾ ಮತ್ತು ಟೊಯೊಟಾ ಹೈರೈಡರ್ ಹೈಬ್ರಿಡ್‌ಗಳಿಗೆ ಹೇಳುವ ಲೀಟರಿಗೆ 27.97 ಕಿ.ಮೀ. ರಸ್ತೆಯಲ್ಲಿ ಬಂದದ್ದಲ್ಲ. ಗಾಡಿಯನ್ನು ರೋಲರ್ ಮೇಲೆ ನಿಲ್ಲಿಸಿ, ಎಸಿ ಆರಿಸಿ, ಗೊತ್ತುಪಡಿಸಿದ ಲಯದಲ್ಲಿ ಓಡಿಸಿ ಅಳೆದದ್ದು. ಆ ಪರೀಕ್ಷೆಯಲ್ಲಿ ಗಾಡಿ 90 ಕಿ.ಮೀ. ವೇಗವನ್ನು ದಾಟುವುದೇ ಇಲ್ಲ. ಒಂದು ಗಾಡಿಯನ್ನು ಇನ್ನೊಂದರ ಜೊತೆ ಹೋಲಿಸಲು ಅದು ಉಪಯೋಗಕ್ಕೆ ಬರುತ್ತದೆ. ನಮ್ಮ ಚಾಲನೆ ಹೇಗಿದೆ ಎಂದು ತೂಗಿ ನೋಡುವ ತಕ್ಕಡಿ ಅದಲ್ಲ.

1. ನಿಮ್ಮದು ಯಾವ ಹೈಬ್ರಿಡ್, ಮೊದಲು ತಿಳಿದುಕೊಳ್ಳಿ

ಹಿಂಬಾಗಿಲಿನ ಮೇಲೆ ಹೈಬ್ರಿಡ್ ಎಂದು ಬರೆದಿದ್ದರೆ ಎಲ್ಲವೂ ಒಂದೇ ಅಲ್ಲ. ಮಾರುತಿಯ 'ಸ್ಮಾರ್ಟ್ ಹೈಬ್ರಿಡ್' ಥರದ ಮೈಲ್ಡ್ ಹೈಬ್ರಿಡ್‌ಗಳಲ್ಲಿ ಪುಟ್ಟ ಮೋಟಾರ್ ಎಂಜಿನ್ನಿಗೆ ಕೈ ಕೊಟ್ಟು ನೂಕುತ್ತದೆ, ಸಿಗ್ನಲ್‌ನಲ್ಲಿ ನಿಂತ ಎಂಜಿನ್ನನ್ನು ಮತ್ತೆ ಎಬ್ಬಿಸುತ್ತದೆ. ಅದೊಂದೇ ಗಾಡಿಯನ್ನು ಓಡಿಸಲಾರದು. ಇನೋವಾ ಹೈಕ್ರಾಸ್, ಹೈರೈಡರ್, ಗ್ರ್ಯಾಂಡ್ ವಿಟಾರಾದ ಮೇಲಿನ ಮಾದರಿಗಳು, ಹೋಂಡಾ ಸಿಟಿ ಹೈಬ್ರಿಡ್, ಕ್ಯಾಮ್ರಿ, ಇವು ಸ್ಟ್ರಾಂಗ್ ಹೈಬ್ರಿಡ್. ಇವುಗಳಲ್ಲಿ ಎಂಜಿನ್ ಪೂರ್ತಿ ನಿಂತು ಮೋಟಾರ್ ಒಂದೇ ಚಕ್ರ ತಿರುಗಿಸಬಲ್ಲದು. ಈ ಬರಹ ಎರಡನೆಯ ಗುಂಪಿನವರಿಗೆ.

ಈ ಜಾತಿಯ ಗಾಡಿ ನಮಗೆ ಹೊರಗಿನದೂ ಅಲ್ಲ. 1997ರಲ್ಲಿ ಜಪಾನಿನಲ್ಲಿ ಪ್ರಿಯಸ್ ಬಂದಾಗ ಶುರುವಾದ ಈ ತಂತ್ರ 2013ರಲ್ಲಿ ಕ್ಯಾಮ್ರಿ ಹೈಬ್ರಿಡ್ ರೂಪದಲ್ಲಿ ನಮ್ಮ ಬಿಡದಿಯ ಟೊಯೊಟಾ ಕಾರ್ಖಾನೆಗೆ ಬಂತು. ತಟ್ಟೆ ಇಡ್ಲಿಗೆ ಹೆಸರಾದ ಅದೇ ಬಿಡದಿ. ಹೈಕ್ರಾಸ್, ಹೈರೈಡರ್ ತಯಾರಾಗುವುದೂ ಅಲ್ಲೇ.

2. ಬಿಂದಿಗೆಯ ಲೆಕ್ಕ ಅರ್ಥವಾಗದೆ ಮುಂದೆ ಹೋಗಬೇಡಿ

ಹೈಬ್ರಿಡ್ ಓಡಿಸುವವರು ಮಾಡುವ ತಪ್ಪುಗಳಲ್ಲಿ ಮುಕ್ಕಾಲು ಪಾಲು ಹುಟ್ಟುವುದು ಒಂದು ನಂಬಿಕೆಯಿಂದ: ಬ್ಯಾಟರಿಯಲ್ಲಿ ಓಡಿದಷ್ಟೂ ಪುಕ್ಕಟೆ. ಹಾಗಿಲ್ಲ. ಈ ಗಾಡಿಗಳಿಗೆ ಗೋಡೆಯ ಪ್ಲಗ್ಗಿನಿಂದ ಚಾರ್ಜ್ ಮಾಡುವ ವ್ಯವಸ್ಥೆ ಇಲ್ಲ. ಬ್ಯಾಟರಿಗೆ ಸೇರುವ ಪ್ರತಿ ಹನಿ ವಿದ್ಯುತ್ತೂ ಹುಟ್ಟುವುದು ಪೆಟ್ರೋಲಿನಿಂದಲೇ. ಒಂದೋ ಎಂಜಿನ್ ನೇರವಾಗಿ ತುಂಬುತ್ತದೆ, ಇಲ್ಲವೇ ಎಂಜಿನ್ ಗಾಡಿಗೆ ಕೊಟ್ಟಿದ್ದ ವೇಗವನ್ನು ಬ್ರೇಕ್ ಹಾಕುವಾಗ ಮೋಟಾರ್ ವಾಪಸ್ ಹಿಡಿಯುತ್ತದೆ.

ಪೆಟ್ರೋಲ್ ಟ್ಯಾಂಕು ಬಾವಿ, ಬ್ಯಾಟರಿ ಬಿಂದಿಗೆ. ಅದೂ ಚಿಕ್ಕ ಬಿಂದಿಗೆ. ಗ್ರ್ಯಾಂಡ್ ವಿಟಾರಾ, ಹೈರೈಡರ್‌ಗಳ ಬ್ಯಾಟರಿ ಹಿಡಿಯುವುದು 0.76 ಕಿಲೋವಾಟ್ ಅವರ್, ಮನೆಯ ಕರೆಂಟ್ ಬಿಲ್ಲಿನ ಲೆಕ್ಕದಲ್ಲಿ ಒಂದು ಯೂನಿಟ್ಟಿಗೂ ಕಡಿಮೆ. ಬಾಳಿಕೆ ಬರಲಿ ಎಂದು ಕಂಪ್ಯೂಟರ್ ಅದನ್ನು ಪೂರ್ತಿ ಖಾಲಿ ಮಾಡಲು ಬಿಡುವುದಿಲ್ಲ, ಕಂಠಮಟ್ಟ ತುಂಬಲೂ ಬಿಡುವುದಿಲ್ಲ. ಅಂದರೆ ಕೈಗೆ ಸಿಗುವ ನೀರು ಇನ್ನೂ ಕಡಿಮೆ. ಬಾವಿಯಿಂದ ಬಿಂದಿಗೆಗೆ, ಬಿಂದಿಗೆಯಿಂದ ಲೋಟಕ್ಕೆ ಸುರಿಯುವಾಗ ಪ್ರತಿ ಸಲವೂ ಒಂದಿಷ್ಟು ಚೆಲ್ಲುತ್ತದೆ. ವಿದ್ಯುತ್ತು ಬ್ಯಾಟರಿಗೆ ಹೋಗಿ ಚಕ್ರಕ್ಕೆ ಮರಳುವಾಗ ಆಗುವುದೂ ಅದೇ.

ಹಾಗಾದರೆ ಬಿಂದಿಗೆಯ ಪ್ರಯೋಜನವೇನು? ಪೆಟ್ರೋಲ್ ಎಂಜಿನ್ನಿಗೆ ಒಂದು ಸ್ವಭಾವವಿದೆ. ಹದವಾದ ಭಾರ ಹೊತ್ತಾಗ ಅದು ಜಾಣತನದಿಂದ ಕೆಲಸ ಮಾಡುತ್ತದೆ. ಈ ಗಾಡಿಗಳ, ಕಡಿಮೆ ಪೆಟ್ರೋಲಿನಲ್ಲಿ ಹೆಚ್ಚು ಕೆಲಸ ತೆಗೆಯಲೆಂದೇ ಮಾಡಿದ 'ಅಟ್ಕಿನ್ಸನ್' ಮಾದರಿಯ ಎಂಜಿನ್‌ಗಳು ಒಳ್ಳೆಯ ಹದದಲ್ಲಿ ಪೆಟ್ರೋಲಿನ ಶಕ್ತಿಯಲ್ಲಿ ಶೇಕಡ 40ರ ಆಸುಪಾಸನ್ನು ಕೆಲಸಕ್ಕೆ ತಿರುಗಿಸುತ್ತವೆ. ಅದೇ ಎಂಜಿನ್ನನ್ನು ಟ್ರಾಫಿಕ್ಕಿನಲ್ಲಿ ಆಮೆಯಂತೆ ತೆವಳಿಸಿದರೆ ಅಥವಾ ಸುಮ್ಮನೆ ಗುರುಗುಟ್ಟಿಸಿದರೆ ದಂಡ. ಹೈಬ್ರಿಡ್ಡಿನ ಗುಟ್ಟು ಇಷ್ಟೇ: ಎಂಜಿನ್ ಓಡಿದರೆ ಹದವಾಗಿ ಓಡಲಿ, ಹದವಿಲ್ಲದ ಕೆಲಸವಿದ್ದರೆ ಪೂರ್ತಿ ನಿಲ್ಲಲಿ, ನಡುವಿನ ಅಂತರವನ್ನು ಬಿಂದಿಗೆ ತುಂಬಲಿ. ಚಾಲಕನ ಕೆಲಸ ಈ ಆಟಕ್ಕೆ ಅಡ್ಡ ಬರದಿರುವುದು, ಮತ್ತು ಒಮ್ಮೆ ಸಂಪಾದಿಸಿದ ವೇಗವನ್ನು ವ್ಯರ್ಥ ಮಾಡದಿರುವುದು.

3. ಮೀಟರನ್ನು ಓದಲು ಒಂದು ವಾರ ಕೊಡಿ

ಟೊಯೊಟಾ, ಮಾರುತಿ ಹೈಬ್ರಿಡ್‌ಗಳಲ್ಲಿ ಆರ್‌ಪಿಎಂ ಮುಳ್ಳಿನ ಜಾಗದಲ್ಲಿ ಚಾರ್ಜ್, ಇಕೋ, ಪವರ್ ಎಂಬ ಮೂರು ವಲಯಗಳ ಮೀಟರ್ ಇರುತ್ತದೆ. ಎಂಜಿನ್ ನಿಂತಿರುವಾಗ 'ಇವಿ' (ಬರೀ ವಿದ್ಯುತ್ತಿನ ಓಟ) ಎಂಬ ದೀಪ ಹತ್ತುತ್ತದೆ. ಮೊದಲ ವಾರ ಮೈಲೇಜಿನ ಯೋಚನೆ ಬಿಟ್ಟು, ಕಾಲು ಎಷ್ಟು ಒತ್ತಿದಾಗ ಎಂಜಿನ್ ಏಳುತ್ತದೆ, ಎಷ್ಟು ಎತ್ತಿದಾಗ ಮಲಗುತ್ತದೆ, ಬ್ರೇಕ್ ಎಷ್ಟು ಒತ್ತಿದರೆ ಮುಳ್ಳು ಚಾರ್ಜ್ ವಲಯದ ತಳ ಮುಟ್ಟುತ್ತದೆ ಎಂಬುದನ್ನು ಮಾತ್ರ ಗಮನಿಸಿ. ಶಕ್ತಿಯ ಹರಿವು ತೋರಿಸುವ ಬಾಣಗಳ ಚಿತ್ರವನ್ನು ಓಡಿಸುವಾಗ ನೋಡುತ್ತಾ ಕೂರಬೇಡಿ. ಪಕ್ಕದಲ್ಲಿ ಕೂತವರಿಗೆ ನೋಡಿ ಹೇಳಲು ಹೇಳಿ. ನಮ್ಮ ಮನೆಯಲ್ಲಿ ಈ ಕೆಲಸ ಮಗಳದ್ದಾಗಿತ್ತು. "ಅಪ್ಪಾ, ಎಂಜಿನ್ ಎದ್ದಿತು" ಎಂದು ಅವಳು ಹೇಳಿ ಹೇಳಿಯೇ ನನ್ನ ಕಾಲು ತಿದ್ದಿಕೊಂಡಿತು.

4. ಮನೆಯಿಂದ ಹೊರಡುವಾಗ

ಬೆಳಗಿನ ತಣ್ಣನೆಯ ಎಂಜಿನ್ ಹೊರಟ ಸ್ವಲ್ಪ ಹೊತ್ತಿಗೆ ತಾನಾಗಿ ಎದ್ದು ಓಡುತ್ತದೆ. ಬ್ಯಾಟರಿ ತುಂಬಿದ್ದರೂ ಓಡುತ್ತದೆ. ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಮತ್ತು ಎಂಜಿನ್ ಬಿಸಿಯಾಗಬೇಕು, ಅದಕ್ಕೆ. ಈ ಹೊತ್ತಿನಲ್ಲಿ ಮೈಲೇಜ್ ಕೆಟ್ಟದಾಗಿರುತ್ತದೆ, ಯಾರೂ ಏನೂ ಮಾಡುವಂತಿಲ್ಲ. ಗೇಟಿನ ಬಳಿ ನಿಲ್ಲಿಸಿಕೊಂಡು ಬಿಸಿ ಮಾಡುವ ಹಳೆಯ ಅಭ್ಯಾಸ ಬೇಡ. ಮೆಲ್ಲಗೆ ಹೊರಟುಬಿಡಿ, ಓಡುತ್ತಾ ಬೇಗ ಬಿಸಿಯಾಗುತ್ತದೆ.

ಇದರಿಂದ ತಿಳಿಯುವ ಇನ್ನೊಂದು ವಿಷಯ ನಿಜವಾಗಿ ದುಡ್ಡು ಉಳಿಸುವಂಥದ್ದು. ಬೆಳಿಗ್ಗೆ ಹಾಲಿಗೆ ಒಂದು ಕಿ.ಮೀ., ಹತ್ತಕ್ಕೆ ಬ್ಯಾಂಕಿಗೆ ಎರಡು ಕಿ.ಮೀ., ಸಂಜೆ ತರಕಾರಿಗೆ ಒಂದೂವರೆ ಎಂದು ಮೂರು ಸಲ ತಣ್ಣನೆಯ ಎಂಜಿನ್ ಎಬ್ಬಿಸಿದರೆ ಯಾವ ಹೈಬ್ರಿಡ್ಡೂ ಮೈಲೇಜ್ ಕೊಡುವುದಿಲ್ಲ. ಮೂರನ್ನೂ ಒಂದೇ ಸುತ್ತಿನಲ್ಲಿ ಮುಗಿಸಿ. ದೂರದ ಕೆಲಸಕ್ಕೆ ಮೊದಲು ಹೋಗಿ ಹತ್ತಿರದ್ದನ್ನು ಬರುವಾಗ ಇಟ್ಟುಕೊಂಡರೆ ಬಿಸಿಯಾದ ಎಂಜಿನ್ ಉಳಿದ ನಿಲುಗಡೆಗಳಲ್ಲಿ ಮಲಗಿಯೇ ಇರುತ್ತದೆ. ಹಾಲಿನ ಬೂತಿಗೆ ನಡೆದುಕೊಂಡೇ ಹೋಗಬಹುದು.

5. ವೇಗ ಏರಿಸುವಾಗ ಅಂಜಬೇಡಿ

ನನಗೆ ತುಂಬ ದಿನ ಅರ್ಥವಾಗದೇ ಇದ್ದದ್ದು ಇದು. ಎಂಜಿನ್ ಏಳಬಾರದೆಂದು ಆಕ್ಸಿಲರೇಟರನ್ನು ಮೊಟ್ಟೆಯ ಮೇಲೆ ಕಾಲಿಟ್ಟಂತೆ ಒತ್ತಿಕೊಂಡು ಹೋಗುತ್ತಿದ್ದೆ. ಹಿಂದಿನವರು ಹಾರ್ನ್ ಹೊಡೆಯುತ್ತಿದ್ದರು. ಬ್ಯಾಟರಿ ಬೇಗ ಇಳಿಯುತ್ತಿತ್ತು. ಕೊನೆಗೆ ಎಂಜಿನ್ ಎದ್ದು ಗಾಡಿಯನ್ನೂ ಎಳೆದು ಬ್ಯಾಟರಿಯನ್ನೂ ತುಂಬಬೇಕಾಗಿ ಬಂದು ನನ್ನ ಉಳಿತಾಯವೆಲ್ಲ ಬಡ್ಡಿ ಸಮೇತ ಹೋಗುತ್ತಿತ್ತು.

ಸರಿಯಾದ ಕ್ರಮ ಹೀಗಿದೆ. ನಿಂತಲ್ಲಿಂದ ಮೊದಲ ಕೆಲವು ಮೀಟರ್ ಮೋಟಾರಿನಲ್ಲಿ ಮೆಲ್ಲಗೆ ಉರುಳಲಿ. ಆಮೇಲೆ ಕಾಲನ್ನು ಧೈರ್ಯವಾಗಿ ಒತ್ತಿ, ಮುಳ್ಳು ಇಕೋ ವಲಯದ ಮೇಲ್ಭಾಗದಲ್ಲಿರಲಿ, ಪವರ್‌ಗೆ ದಾಟುವುದು ಬೇಡ. ಎಂಜಿನ್ ಏಳುತ್ತದೆ, ಏಳಲಿ. ಹದವಾದ ಭಾರದಲ್ಲಿ ಓಡುತ್ತಿದೆ, ದುಡಿಯಲಿ. ಬೇಕಾದ ವೇಗ, ಉದಾಹರಣೆಗೆ 45, ಬಂದ ತಕ್ಷಣ ಕಾಲನ್ನು ಪೂರ್ತಿ ಎತ್ತಿ. ಎಂಜಿನ್ ಮಲಗುತ್ತದೆ. ಒಂದು ಕ್ಷಣ ಬಿಟ್ಟು ಹಗುರಾಗಿ ಮತ್ತೆ ಕಾಲಿಟ್ಟರೆ ಗಾಡಿ ಅದೇ ವೇಗದಲ್ಲಿ ಮೋಟಾರಿನ ಮೇಲೆ ಸಾಗುತ್ತದೆ. ವೇಗ ಹತ್ತು ಕಿ.ಮೀ.ನಷ್ಟು ಇಳಿದಾಗ ಮತ್ತೆ ಒಂದು ಒತ್ತು. ಜೋಕಾಲಿಯನ್ನು ಒಮ್ಮೆ ನೂಕಿ ಬಿಟ್ಟು, ಅದು ಸೋತಾಗ ಇನ್ನೊಮ್ಮೆ ನೂಕುತ್ತೇವಲ್ಲ, ಹಾಗೆ. ಕೈ ಬಿಡದೆ ತಳ್ಳುತ್ತಲೇ ಇದ್ದರೆ ನಮಗೂ ದಣಿವು, ಜೋಕಾಲಿಗೂ ಲಯವಿಲ್ಲ.

'ಇವಿ ಮೋಡ್' ಬಟನ್ ಬಗ್ಗೆ ಎಲ್ಲರಿಗೂ ಮೋಹ. ಅಪಾರ್ಟ್‌ಮೆಂಟಿನ ತಳಮಹಡಿಯಲ್ಲಿ ಗಾಡಿಯ ಜಾಗ ಬದಲಿಸಲು, ರಾತ್ರಿ ಸದ್ದಿಲ್ಲದೆ ಬೀದಿ ದಾಟಲು ಅದು ಚೆನ್ನ. ರಸ್ತೆಯಲ್ಲಿ ಒತ್ತಿಕೊಂಡು ಕೂತರೆ ಕಂಪ್ಯೂಟರ್ ಮಾಡುತ್ತಿದ್ದ ಲೆಕ್ಕವನ್ನು ನಾವು ಕೆಡಿಸಿದಂತೆ. ಇಕೋ ಮೋಡ್ ಹಾಕಿಡಬಹುದು. ಅದು ಆಕ್ಸಿಲರೇಟರಿನ ಸ್ಪಂದನೆಯನ್ನು ಮೃದು ಮಾಡುತ್ತದೆ, ಎಸಿಯ ಜೋರನ್ನೂ ಸ್ವಲ್ಪ ತಗ್ಗಿಸುತ್ತದೆ.

6. ಬ್ರೇಕ್ ಹಾಕುವುದೇ ನಿಜವಾದ ಕಲೆ

ಬ್ರೇಕ್ ಒತ್ತಿದಾಗ ವಿದ್ಯುತ್ ಹುಟ್ಟುತ್ತದೆ ಎಂದು ತಿಳಿದ ಮೇಲೆ ಕೆಲವರಿಗೆ ಬ್ರೇಕ್ ಮೇಲೆ ಪ್ರೀತಿ ಬಂದುಬಿಡುತ್ತದೆ. ನೆನಪಿಡಿ, ಕಳೆದುಕೊಂಡ ವೇಗ ಪೂರ್ತಿ ಮರಳಿ ಬರುವುದಿಲ್ಲ. ಮೊದಲನೆಯ ಆಯ್ಕೆ ಬ್ರೇಕ್ ಹಾಕುವ ಪ್ರಸಂಗವನ್ನೇ ತಪ್ಪಿಸುವುದು. ದೂರದಲ್ಲಿ ಸಿಗ್ನಲ್ ಕೆಂಪಾಗಿದೆ, ಮುಂದಿನ ಬಸ್ಸು ಎಡಕ್ಕೆ ಸರಿಯುತ್ತಿದೆ ಎಂದು ಕಂಡ ಕೂಡಲೇ ಕಾಲೆತ್ತಿ. ನೀವು ಉರುಳುತ್ತಾ ತಲುಪುವಷ್ಟರಲ್ಲಿ ಹಸಿರಾದರೆ ನಿಲ್ಲದೆ ದಾಟಿದಿರಿ, ಅದಕ್ಕಿಂತ ದೊಡ್ಡ ಉಳಿತಾಯ ಇಲ್ಲ. ಕೌಂಟ್‌ಡೌನ್ ಇರುವ ಸಿಗ್ನಲ್‌ಗಳಲ್ಲಿ ಇದು ಇನ್ನೂ ಸುಲಭ.

ನಿಲ್ಲಲೇಬೇಕಾದರೆ ಬೇಗ ಶುರುಮಾಡಿ, ಹಗುರಾಗಿ ಒತ್ತಿ, ಉದ್ದಕ್ಕೆ ಎಳೆಯಿರಿ. ಮುಳ್ಳು ಚಾರ್ಜ್ ವಲಯದ ಒಳಗೇ ಇರುವಷ್ಟು ಒತ್ತಿದರೆ ಬಹುಪಾಲು ಕೆಲಸವನ್ನು ಮೋಟಾರ್ ಮಾಡುತ್ತದೆ. ಅದರಾಚೆ ಒತ್ತಿದರೆ ಸಾಮಾನ್ಯ ಬ್ರೇಕ್ ಪ್ಯಾಡ್‌ಗಳು ಸೇರಿಕೊಂಡು ಉಳಿದ ವೇಗವನ್ನೆಲ್ಲ ಬಿಸಿ ಮಾಡಿ ಗಾಳಿಗೆ ಬಿಡುತ್ತವೆ. ಗಾಡಿ ಇನ್ನೇನು ನಿಲ್ಲುವ ವೇಗಕ್ಕೆ ಬಂದಾಗಲೂ ಪ್ಯಾಡ್‌ಗಳೇ ಕೆಲಸ ಮಾಡುತ್ತವೆ, ಆದ್ದರಿಂದ ಮೋಟಾರಿಗೆ ಹಿಡಿಯಲು ಸಿಗುವುದು ಅದಕ್ಕೂ ಮುಂಚಿನ ವೇಗ ಮಾತ್ರ. ಮಗುವೋ ನಾಯಿಯೋ ಅಡ್ಡ ಬಂದಾಗ ಈ ಲೆಕ್ಕವೆಲ್ಲ ಮರೆತು ಬ್ರೇಕನ್ನು ತುಳಿಯಿರಿ. ಅದಕ್ಕೇ ಇರುವುದು ಅದು.

ನಮ್ಮ ರಸ್ತೆಗಳ ಹಂಪುಗಳಿಗೆ ಪ್ರತ್ಯೇಕ ಮಾತು ಬೇಕು. ಊರೊಳಗಿನ ರಸ್ತೆಯಲ್ಲಿ ಇನ್ನೂರು ಮೀಟರಿಗೊಂದು ಹಂಪ್ ಇರುವಾಗ ಎರಡರ ನಡುವೆ 60ಕ್ಕೆ ಏರಿಸಿ ಮತ್ತೆ 15ಕ್ಕೆ ಇಳಿಸುವುದನ್ನು ದಿನವೂ ನೋಡುತ್ತೇನೆ. ವೇಗದಲ್ಲಿರುವ ಶಕ್ತಿ ವೇಗದ ವರ್ಗದಂತೆ ಬೆಳೆಯುತ್ತದೆ. 60ಕ್ಕೆ ಏರಿಸಲು 40ಕ್ಕೆ ಏರಿಸುವುದಕ್ಕಿಂತ ಎರಡೂಕಾಲು ಪಟ್ಟು ಶಕ್ತಿ ಬೇಕು. ಅದನ್ನೆಲ್ಲ ಮುಂದಿನ ಹಂಪಿನ ಬುಡದಲ್ಲಿ ಸುರಿದುಬಿಡುತ್ತೇವೆ, ಉಳಿಯುವ ಸಮಯ ಕೆಲವೇ ಸೆಕೆಂಡು. ನಡುವೆ 35-40ಕ್ಕೆ ಏರಿಸಿ, ಅರ್ಧ ದಾರಿಗೇ ಕಾಲೆತ್ತಿ, ಉರುಳುತ್ತಾ ಹಂಪ್ ಹತ್ತಿ ಇಳಿಯಿರಿ. ಬೆನ್ನಿಗೂ ಒಳ್ಳೆಯದು, ಹಿಂದೆ ಕೂತ ಅಜ್ಜಿಯೂ ಬೈಯುವುದಿಲ್ಲ.

7. ಜಾಮಿನಲ್ಲಿ

ಸಿಲ್ಕ್ ಬೋರ್ಡ್, ಹೆಬ್ಬಾಳದಂಥ ಕಡೆ ಮಾಮೂಲಿ ಪೆಟ್ರೋಲ್ ಕಾರಿನ ಮೈಲೇಜ್ ಪಾತಾಳ ಸೇರುತ್ತದೆ. ಹೈಬ್ರಿಡ್ ಇಲ್ಲೇ ತನ್ನ ಬೆಲೆ ತೋರಿಸುವುದು. ಎಂಜಿನ್ ನಿಂತಿರುತ್ತದೆ, ಗಾಡಿ ಇಂಚಿಂಚೇ ಮೋಟಾರಿನಲ್ಲಿ ಸರಿಯುತ್ತದೆ. ಇಲ್ಲಿ ಎರಡು ಎಚ್ಚರ ಇರಲಿ.

ಒಂದು, ಗೇರನ್ನು 'ಎನ್'ಗೆ ಹಾಕಬೇಡಿ. ಸಿಗ್ನಲ್‌ನಲ್ಲಿ ನ್ಯೂಟ್ರಲ್ ಮಾಡುವುದು ನಮ್ಮ ಕೈಗೆ ಅಂಟಿದ ರೂಢಿ. ಟೊಯೊಟಾ ಮಾದರಿಯ ಹೈಬ್ರಿಡ್‌ಗಳಲ್ಲಿ 'ಎನ್'ನಲ್ಲಿದ್ದಾಗ ಬ್ಯಾಟರಿ ಚಾರ್ಜ್ ಆಗುವುದಿಲ್ಲ, ಎಸಿ ಮಾತ್ರ ಅದನ್ನು ಹೀರುತ್ತಲೇ ಇರುತ್ತದೆ. 'ಡಿ'ಯಲ್ಲೇ (ಡ್ರೈವ್) ಬ್ರೇಕ್ ಹೋಲ್ಡ್, ಅಂದರೆ ಕಾಲೆತ್ತಿದರೂ ಬ್ರೇಕ್ ಹಿಡಿದಿಡುವ ಬಟನ್, ಹಾಕಿ ನಿಲ್ಲಿ, ತುಂಬ ಹೊತ್ತಾದರೆ 'ಪಿ' (ಪಾರ್ಕ್).

ಎರಡು, ಎಸಿ. ಈ ಗಾಡಿಗಳ ಎಸಿ ಕಂಪ್ರೆಸರ್ ಬೆಲ್ಟಿನಿಂದ ಓಡುವುದಿಲ್ಲ, ಹೈಬ್ರಿಡ್ ಬ್ಯಾಟರಿಯ ವಿದ್ಯುತ್ತಿನಿಂದ ಓಡುತ್ತದೆ. ಹಾಗಾಗಿ ಎಂಜಿನ್ ನಿಂತರೂ ತಂಪು ನಿಲ್ಲುವುದಿಲ್ಲ. ಆದರೆ ಬಿಂದಿಗೆ ಚಿಕ್ಕದು. 18 ಡಿಗ್ರಿಗೆ ಇಟ್ಟುಕೊಂಡು ಜಾಮಿನಲ್ಲಿ ಕೂತರೆ ಬ್ಯಾಟರಿ ಬರಿದಾಗಿ, ಗಾಡಿ ಅಲ್ಲಾಡದಿದ್ದರೂ ಎಂಜಿನ್ ಎದ್ದು ಎಸಿಗಾಗಿ ದುಡಿಯುತ್ತದೆ. 24-25ಕ್ಕೆ ಆಟೋದಲ್ಲಿಟ್ಟು, ಒಳಗಿನ ಗಾಳಿಯೇ ಸುತ್ತುವಂತೆ ಮಾಡಿ. ಬಿಸಿಲಲ್ಲಿ ನಿಂತ ಗಾಡಿ ಹತ್ತಿದಾಗ ಮೊದಲ ಒಂದೆರಡು ನಿಮಿಷ ಕಿಟಕಿ ಇಳಿಸಿ ಬಿಸಿ ಗಾಳಿಯನ್ನು ಹೊರಗೆ ಬಿಟ್ಟು ಆಮೇಲೆ ಎಸಿ ಹಾಕಿ.

ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ಮೈಲೇಜಿಗಾಗಿ ಎಸಿ ಆರಿಸಿ ಕೂರುವವರಿಗೆ ಒಂದು ಮಾತು. ಈ ಗಾಡಿಗಳಲ್ಲಿ ಬ್ಯಾಟರಿಯನ್ನು ತಂಪು ಮಾಡುವ ಫ್ಯಾನು ಕಾರಿನೊಳಗಿನ ಗಾಳಿಯನ್ನೇ ಎಳೆದುಕೊಳ್ಳುತ್ತದೆ. ಒಳಗೆ ಕುಲುಮೆಯಾದರೆ ಬ್ಯಾಟರಿಯೂ ಕಾಯುತ್ತದೆ, ಕಾದ ಬ್ಯಾಟರಿಯ ಕೊಡು-ಕೊಳ್ಳುವಿಕೆಯನ್ನು ಕಂಪ್ಯೂಟರ್ ತಗ್ಗಿಸುತ್ತದೆ. ಎಸಿ ಹಾಕಿಕೊಳ್ಳಿ. ಆ ಫ್ಯಾನಿನ ಗಾಳಿಕಿಂಡಿ ಎಲ್ಲಿದೆ ಎಂದು ಕೈಪಿಡಿ ನೋಡಿ ಪತ್ತೆ ಮಾಡಿ, ಅದರ ಮುಂದೆ ಚೀಲ, ದಿಂಬು, ಹೊದಿಕೆ ಇಡಬೇಡಿ, ಸರ್ವಿಸ್‌ಗೆ ಬಿಟ್ಟಾಗಲೆಲ್ಲ ಅಲ್ಲಿನ ಜಾಲರಿಯ ಧೂಳು ತೆಗೆಸಿ.

8. ಹೆದ್ದಾರಿಯಲ್ಲಿ ಶತ್ರು ಗಾಳಿ

ಊರೊಳಗೆ ಹೈಬ್ರಿಡ್ ಗೆಲ್ಲುತ್ತದೆ, ಹೆದ್ದಾರಿಯಲ್ಲಿ ಅದರ ಲಾಭ ಕಡಿಮೆ. ಬ್ರೇಕ್ ಹಾಕುವ ಸಂದರ್ಭವೇ ಇಲ್ಲದ ಕಡೆ ಮರಳಿ ಹಿಡಿಯುವುದೇನನ್ನು? ಅಲ್ಲಿ ಪೆಟ್ರೋಲ್ ತಿನ್ನುವುದು ಗಾಳಿಯ ತಡೆ, ಅದೂ ವೇಗದ ವರ್ಗದಂತೆ ಏರುತ್ತದೆ. ಬೆಂಗಳೂರು-ಮೈಸೂರು ಹೆದ್ದಾರಿಯನ್ನೇ ತೆಗೆದುಕೊಳ್ಳಿ. ಸುಮಾರು 118 ಕಿ.ಮೀ., ಕಾರಿಗೆ ಗರಿಷ್ಠ 100ರ ಮಿತಿ, ದಾರಿಯುದ್ದಕ್ಕೂ ಕ್ಯಾಮೆರಾ. ಒಂದೇ ಸಮನೆ 100ರಲ್ಲಿ ಹೋದರೆ 71 ನಿಮಿಷ, 85ರಲ್ಲಿ ಹೋದರೆ 83 ನಿಮಿಷ. ಆ ಹನ್ನೆರಡು ನಿಮಿಷ ಉಳಿಸಲು ಗಾಳಿಯ ತಡೆಯನ್ನು ಶೇಕಡ 38ರಷ್ಟು ಹೆಚ್ಚಾಗಿ ಹೊತ್ತುಕೊಂಡು ಹೋಗಬೇಕು. ಅವಸರವಿದ್ದ ದಿನ ಹೋಗಿ, ತಪ್ಪೇನಿಲ್ಲ. ಮದ್ದೂರಿನಲ್ಲಿ ವಡೆ ತಿನ್ನಲು ಅರ್ಧ ಗಂಟೆ ನಿಲ್ಲುವ ದಿನ ಆ ಹನ್ನೆರಡು ನಿಮಿಷಕ್ಕೆ ಅರ್ಥವಿಲ್ಲ.

ಸಮತಟ್ಟಾದ ರಸ್ತೆಯಲ್ಲಿ ಕ್ರೂಸ್ ಕಂಟ್ರೋಲ್ (ಇಟ್ಟ ವೇಗವನ್ನು ಗಾಡಿಯೇ ಕಾಯ್ದುಕೊಳ್ಳುವ ವ್ಯವಸ್ಥೆ) ಒಳ್ಳೆಯದು. ತುಮಕೂರು ದಾಟಿ ಚಿತ್ರದುರ್ಗದ ಕಡೆ ಹೋಗುವಾಗ ಬರುವಂಥ ಏರಿಳಿತಗಳಲ್ಲಿ ಅದು ಏರಿನಲ್ಲಿ ವೇಗ ಬಿಟ್ಟುಕೊಡದೆ ಎಂಜಿನ್ನನ್ನು ಚೀರಿಸುತ್ತದೆ. ಅಲ್ಲಿ ಕಾಲೇ ಮೇಲು: ಏರಿನಲ್ಲಿ ಐದಾರು ಕಿ.ಮೀ. ಇಳಿಯಲು ಬಿಡಿ, ಇಳಿಜಾರಿನಲ್ಲಿ ಅದು ತಾನಾಗಿ ಮರಳುತ್ತದೆ. ಹೀಗೆ ನಿಧಾನವಾಗಿ ಹೋಗುವಾಗ ಎಡದ ಲೇನಿನಲ್ಲಿರಿ. ಬಲ ಲೇನಿನಲ್ಲಿ 80ರಲ್ಲಿ ಕೂತು ಮೈಲೇಜ್ ಉಳಿಸುವುದು ಇತರರ ಜೀವದ ಜೊತೆ ಆಟ. ಲಾರಿಯ ಬೆನ್ನಿಗೆ ಅಂಟಿಕೊಂಡು ಗಾಳಿ ತಪ್ಪಿಸುವ ಉಪಾಯವನ್ನು ಯಾರಾದರೂ ಹೇಳಿಕೊಟ್ಟರೆ ಕಿವಿಗೆ ಹಾಕಿಕೊಳ್ಳಬೇಡಿ.

9. ಘಾಟಿ ಇಳಿಯುವಾಗ

ಆಗುಂಬೆಯ ನೆತ್ತಿಯಿಂದ ಸೋಮೇಶ್ವರಕ್ಕೆ ಇಳಿಯುವಾಗ ಗಾಡಿ ಐನೂರು ಮೀಟರಿನಷ್ಟು ಕೆಳಗೆ ಬರುತ್ತದೆ. ಜನ, ಸಾಮಾನು ಸೇರಿ 1,600 ಕಿಲೋ ತೂಗುವ ಗಾಡಿ ಅಷ್ಟು ಇಳಿದರೆ ಎರಡು ಯೂನಿಟ್ಟಿಗೂ ಹೆಚ್ಚು ಶಕ್ತಿ ಬಿಡುಗಡೆಯಾಗುತ್ತದೆ. ನಮ್ಮ ಬಿಂದಿಗೆ ಮುಕ್ಕಾಲು ಯೂನಿಟ್ಟಿನದು, ಅದೂ ಅರ್ಧ ತುಂಬಿರುತ್ತದೆ. ಹಾಗಾಗಿ ಘಾಟಿಯ ಮೊದಲ ಕೆಲವು ತಿರುವುಗಳಲ್ಲೇ ಬ್ಯಾಟರಿ ತುಂಬಿಹೋಗುತ್ತದೆ.

ಆಮೇಲೆ ಆಗುವುದನ್ನು ಕಂಡು ಹೊಸಬರು ಗಾಬರಿಯಾಗುತ್ತಾರೆ. ಆಕ್ಸಿಲರೇಟರ್ ಮೇಲೆ ಕಾಲೇ ಇಲ್ಲ, ಎಂಜಿನ್ ಮಾತ್ರ ಜೋರಾಗಿ ಕೂಗುತ್ತದೆ. ಕೆಟ್ಟಿಲ್ಲ. ತುಂಬಿದ ಬ್ಯಾಟರಿಗೆ ಇನ್ನು ಜಾಗವಿಲ್ಲದ್ದರಿಂದ ಗಾಡಿಯ ವೇಗವನ್ನೇ ಬಳಸಿ ಎಂಜಿನ್ನನ್ನು ತಿರುಗಿಸಿ ಶಕ್ತಿಯನ್ನು ಕಳೆಯುತ್ತಿದೆ, ಪೆಟ್ರೋಲ್ ಉರಿಯುತ್ತಿಲ್ಲ. ಉದ್ದನೆಯ ಇಳಿಜಾರಿನಲ್ಲಿ ಗೇರನ್ನು 'ಬಿ'ಗೆ, ಅಂದರೆ ಎಂಜಿನ್ನಿನಿಂದಲೇ ವೇಗ ತಡೆಯುವ ಸ್ಥಾನಕ್ಕೆ, ಹಾಕುವುದೂ ಇದಕ್ಕೇ. ಕೆಲವು ಗಾಡಿಗಳಲ್ಲಿ 'ಎಸ್' ಇರುತ್ತದೆ, ಹೋಂಡಾದಲ್ಲಿ ಸ್ಟೇರಿಂಗ್ ಹಿಂದಿನ ಪ್ಯಾಡಲ್. ಬ್ರೇಕ್ ಪ್ಯಾಡ್‌ಗಳು ಕಾದು ಸೋಲದಂತೆ ಇದು ಕಾಪಾಡುತ್ತದೆ. ಘಾಟಿ ಮುಗಿದ ಮೇಲೆ 'ಡಿ'ಗೆ ಮರಳಿ. 'ಬಿ'ಯಲ್ಲಿ ಚಾರ್ಜ್ ಹೆಚ್ಚು ಬರುತ್ತದೆ ಎಂದು ಊರೊಳಗೂ ಅದರಲ್ಲೇ ಓಡಿಸುವವರಿದ್ದಾರೆ. ಅಲ್ಲಿ ಅದರಿಂದ ಹಿಡಿಯಬಹುದಾಗಿದ್ದ ಶಕ್ತಿಯೂ ಎಂಜಿನ್ ತಿರುಗಿಸಲು ಹೋಗುತ್ತದೆ.

ಘಾಟಿ ಬರಲಿದೆ ಎಂದು ಗೊತ್ತಿದ್ದರೆ ಒಂದು ಜಾಣತನ ಮಾಡಬಹುದು. ನೆತ್ತಿ ತಲುಪುವ ಮುಂಚಿನ ಒಂದೆರಡು ಕಿ.ಮೀ. ಆದಷ್ಟು ಮೋಟಾರಿನಲ್ಲೇ ಸಾಗಿ ಬಿಂದಿಗೆಯನ್ನು ಖಾಲಿ ಮಾಡಿಕೊಳ್ಳಿ. ಇವಿ ಬಟನ್ ನಿಜಕ್ಕೂ ಕೆಲಸಕ್ಕೆ ಬರುವ ಜಾಗ ಇದು. ಇಳಿಯುವಾಗ ತುಂಬಿಕೊಳ್ಳಲು ಹೆಚ್ಚು ಜಾಗ ಸಿಗುತ್ತದೆ. ಆದರೆ ಚಾರ್ಮಾಡಿಯಾಗಲಿ ಶಿರಾಡಿಯಾಗಲಿ, ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡುವುದು ಮಾತ್ರ ಖಂಡಿತ ಬೇಡ. ಹಳೆಯ ಚಾಲಕರು ಕಲಿಸಿಹೋದ ಈ ಅಭ್ಯಾಸದಿಂದ ಹೈಬ್ರಿಡ್‌ಗೆ ಒಂದು ಹನಿ ಲಾಭವಿಲ್ಲ. ಚಾರ್ಜ್ ನಿಲ್ಲುತ್ತದೆ, ಇಡೀ ಭಾರ ಬ್ರೇಕ್ ಪ್ಯಾಡ್‌ಗಳ ಮೇಲೆ ಬೀಳುತ್ತದೆ. ಹತ್ತಿ ಬರುವ ಗಾಡಿಗೆ ದಾರಿ ಬಿಡುವುದು ಇಳಿಯುವವರ ಕರ್ತವ್ಯ. ಭಾರ ಹೊತ್ತು ಹತ್ತುತ್ತಿರುವ ಗಾಡಿ ನಿಂತರೆ ಮತ್ತೆ ಹೊರಡುವುದು ಕಷ್ಟ.

10. ಟೈರು, ಆಯಿಲ್, ಡಿಕ್ಕಿ

ಟೈರಿನ ಗಾಳಿಯನ್ನು ಹದಿನೈದು ದಿನಕ್ಕೊಮ್ಮೆ, ಗಾಡಿ ತಣ್ಣಗಿರುವಾಗ ನೋಡಿ. ಎಷ್ಟಿರಬೇಕು ಎಂಬುದು ಚಾಲಕನ ಬಾಗಿಲಿನ ಚೌಕಟ್ಟಿನ ಸ್ಟಿಕರ್ ಮೇಲೆ ಇದೆ. ಬಂಕಿನ ಹುಡುಗ ಅಂದಾಜಿನಲ್ಲಿ ಹೇಳುವ ಸಂಖ್ಯೆ ಬೇಡ. ತುಂಬಿದ ಗಾಡಿಗೆ ಬೇರೆ ಸಂಖ್ಯೆ ಕೊಟ್ಟಿದ್ದರೆ ಊರಿಗೆ ಹೊರಡುವ ಮುನ್ನ ಅದಕ್ಕೆ ತಕ್ಕಂತೆ ಹಾಕಿಸಿ. ಮೈಲೇಜ್ ಆಸೆಗೆ ಅದಕ್ಕಿಂತ ಹೆಚ್ಚು ತುಂಬಿಸಿದರೆ ಮಳೆಯಲ್ಲಿ ಹಿಡಿತ ಹೋಗುತ್ತದೆ. ಕೈಪಿಡಿಯಲ್ಲಿ ಬರೆದ ತೆಳು ಆಯಿಲ್ ಗ್ರೇಡನ್ನೇ ಹಾಕಿಸಿ. ಮತ್ತೆ ಮತ್ತೆ ನಿಂತು ಏಳುವ ಎಂಜಿನ್ನಿಗೆ ದಪ್ಪ ಆಯಿಲ್ ಭಾರ. ಚಾವಣಿಯ ಕ್ಯಾರಿಯರ್ ಬಳಸದಿದ್ದಾಗ ಬಿಚ್ಚಿಡಿ. ಡಿಕ್ಕಿಯಲ್ಲಿ ವರ್ಷದಿಂದ ಕೂತ ಸಾಮಾನನ್ನು ಇಳಿಸಿ.

11. ಲೆಕ್ಕ ಇಡುವುದು ಹೀಗೆ

ಡ್ಯಾಶ್‌ಬೋರ್ಡ್ ತೋರಿಸುವ ಮೈಲೇಜ್ ಸಾಮಾನ್ಯವಾಗಿ ಸ್ವಲ್ಪ ಉದಾರಿ. ಬಂಕಿನ ಲೆಕ್ಕವೇ ಲೆಕ್ಕ. ಒಂದೇ ಬಂಕ್, ಸಾಧ್ಯವಾದರೆ ಒಂದೇ ಪಂಪ್. ಮೊದಲ ಆಟೋ ಕಟ್‌ಗೆ ನಿಲ್ಲಿಸಿ, ಮೇಲೆ ಸುರಿಸಬೇಡಿ. ಟ್ರಿಪ್ ಮೀಟರನ್ನು ಸೊನ್ನೆ ಮಾಡಿ. ಮುಂದಿನ ಸಲ ಹಾಗೆಯೇ ತುಂಬಿಸಿ, ಓಡಿದ ಕಿ.ಮೀ.ಯನ್ನು ಹಿಡಿದ ಲೀಟರಿನಿಂದ ಭಾಗಿಸಿ. 612 ಕಿ.ಮೀ. ಓಡಿ 29.4 ಲೀಟರ್ ಹಿಡಿದರೆ 20.8. ಒಂದು ಟ್ಯಾಂಕಿನ ಸಂಖ್ಯೆಯನ್ನು ನಂಬಬೇಡಿ, ಮೂರು ಟ್ಯಾಂಕುಗಳ ಒಟ್ಟು ಕಿ.ಮೀ., ಒಟ್ಟು ಲೀಟರ್ ಹಿಡಿದು ಲೆಕ್ಕ ಹಾಕಿ.

ಈಗಿನ ಪೆಟ್ರೋಲಿನಲ್ಲಿ ಶೇಕಡ 20ರವರೆಗೆ ಎಥನಾಲ್ ಬೆರೆತಿರುತ್ತದೆ. ಬೆಳಗಾವಿ, ಬಾಗಲಕೋಟೆ ಕಡೆಯ ಸಕ್ಕರೆ ಕಾರ್ಖಾನೆಗಳಿಂದ ಬರುವ ಎಥನಾಲ್ ಕೂಡ ಅದರಲ್ಲಿ ಸೇರಿದೆ. ಲೀಟರಿಗೆ ಲೀಟರ್ ಹೋಲಿಸಿದರೆ ಎಥನಾಲಿನಲ್ಲಿರುವ ಶಕ್ತಿ ಪೆಟ್ರೋಲಿನ ಮೂರನೇ ಎರಡು ಪಾಲಿನಷ್ಟು. ಹಾಗಾಗಿ ಹಳೆಯ ಡೈರಿಯ ಸಂಖ್ಯೆಗೂ ಇವತ್ತಿನದಕ್ಕೂ ಸ್ವಲ್ಪ ವ್ಯತ್ಯಾಸ ಬಂದರೆ ನಿಮ್ಮ ಕಾಲನ್ನೇ ದೂರಬೇಡಿ.

ಒಂದು ದಿಕ್ಕಿನ ಪ್ರಯಾಣದ ಲೆಕ್ಕವನ್ನೂ ಯಾರಿಗೂ ಹೇಳಬೇಡಿ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ, ಮೈಸೂರು 770ರ ಆಸುಪಾಸು. ಹೋಗುವಾಗ ಊರೇ ನಿಮ್ಮನ್ನು ನೂಕುತ್ತದೆ, ಬರುವಾಗ ಅಷ್ಟನ್ನೂ ಹತ್ತಬೇಕು. ಮಂಗಳೂರಿಗೆ ಹೋದರಂತೂ ಒಂಬೈನೂರು ಮೀಟರ್ ಇಳಿಯುತ್ತೀರಿ. "ಮಂಗಳೂರಿಗೆ ಹೋಗುವಾಗ 26 ಕೊಡ್ತು" ಎಂದು ನಾನೂ ಒಮ್ಮೆ ಮನೆಯವರ ಮುಂದೆ ಹೇಳಿದ್ದೆ, ವಾಪಸ್ ಬಂದ ಮೇಲೆ ಎರಡೂ ಸೇರಿಸಿ ಭಾಗಿಸಿದಾಗ 21 ಬಂತು. ಡೈರಿಯಲ್ಲಿ ಬರೆದದ್ದು 21.